ಅತ್ತಿಗೆಗೆ ಕೊಟ್ಟ ಅಂಕ

ನಲವತ್ತಾರನೆಯ ವಯಸ್ಸಿನಲ್ಲಿ ಎಂ.ಎ.ಗೆ ಸೇರಿದ್ದೇನೆ ಎಂದರೆ ಕೇಳಿದವರು ಮೊದಲು ನಗುತ್ತಿದ್ದರು, ಆಮೇಲೆ "ಯಾವ ವಿಷಯ?" ಎನ್ನುತ್ತಿದ್ದರು. ಅನ್ವಯಿಕ ಮನಃಶಾಸ್ತ್ರ ಎಂದ ಕೂಡಲೇ ನಗು ನಿಂತು ಅವರ ಮುಖದಲ್ಲಿ ಒಂದು ಬಗೆಯ ಎಚ್ಚರ ಮೂಡುತ್ತಿತ್ತು. "ಹಾಗಾದ್ರೆ ಇನ್ಮೇಲೆ ನಿಮ್ಮೆದುರು ಹುಷಾರಾಗಿ ಮಾತಾಡ್ಬೇಕು" ಎಂದವರು ಎಷ್ಟೋ ಮಂದಿ. ನಮ್ಮ ಬ್ಯಾಂಕಿನ ಕ್ಯಾಷಿಯರ್ ಒಬ್ಬರಂತೂ ಅಂಗೈ ಚಾಚಿಯೇ ಬಿಟ್ಟರು. ಕೈ ನೋಡಿ ಹೇಳುವುದಕ್ಕೂ ಮನಸ್ಸು ನೋಡಿ ಹೇಳುವುದಕ್ಕೂ ಅವರ ಲೆಕ್ಕದಲ್ಲಿ ಅಂಥ ವ್ಯತ್ಯಾಸವೇನೂ ಇರಲಿಲ್ಲ. ಆಗ ನಾನೂ ನಕ್ಕಿದ್ದೆ. ಈಗ ಯೋಚಿಸಿದರೆ ಎಚ್ಚರಪಟ್ಟವರೇ ಸರಿಯಿದ್ದರೇನೋ ಅನ್ನಿಸುತ್ತದೆ.

ಸೇರಿದ್ದು 2021ರಲ್ಲಿ. ಪೂರ್ತಿ ಪದವಿಯನ್ನೇ ಆನ್‌ಲೈನಿನಲ್ಲಿ ಕೊಡಬಹುದೆಂದು ಯುಜಿಸಿ 2018ರಲ್ಲಿ ನಿಯಮ ಮಾಡಿತ್ತು. ಆಮೇಲೆ ಬಂದ ಕೊರೋನಾ ಇಡೀ ದೇಶವನ್ನೇ ಮನೆಯೊಳಗೆ ಕೂರಿಸಿ ಕಲಿಸಿತು. ಮಗಳ ಕಾಲೇಜು ಮುಚ್ಚಿತ್ತು. ಊಟದ ಮೇಜಿನ ಮುಂದೆ ಅವಳು ಹಗಲೆಲ್ಲ ಕುಳಿತಿದ್ದ ಕುರ್ಚಿಯಲ್ಲೇ, ಅದೇ ಲ್ಯಾಪ್‌ಟಾಪಿನ ಮುಂದೆ, ರಾತ್ರಿ ಪಾತ್ರೆ ತೊಳೆದಿಟ್ಟು ನಾನು ಕೂರುತ್ತಿದ್ದೆ. ಶನಿವಾರ, ಭಾನುವಾರ ಸಂಜೆ ತರಗತಿ. ಪರದೆಯ ಮೇಲೆ ಅರವತ್ತು ಚಿಕ್ಕ ಚಿಕ್ಕ ಚೌಕ, ಹೆಚ್ಚಿನವು ಕಪ್ಪು. ಎಲ್ಲಿಂದಲೋ ಒಂದು ಕುಕ್ಕರಿನ ಸೀಟಿ, ಯಾರದೋ ಮಗುವಿನ ಅಳು. ಮೇಡಂ ಪಾಠ ನಿಲ್ಲಿಸಿ "ದಯವಿಟ್ಟು ಎಲ್ಲರೂ ಮ್ಯೂಟ್ ಮಾಡಿ" ಎನ್ನುತ್ತಿದ್ದರು. ಎರಡು ವರ್ಷ ಒಟ್ಟಿಗೆ ಓದಿದ ನಮ್ಮಲ್ಲಿ ಒಬ್ಬರು ಇನ್ನೊಬ್ಬರನ್ನು ಪೂರ್ತಿಯಾಗಿ, ಅಂದರೆ ಕಾಲಿನ ತನಕ, ನೋಡಿದ್ದೇ ಇಲ್ಲ.

ಕನ್ನಡನಾಡಿಗೆ ಮನಃಶಾಸ್ತ್ರವನ್ನು ತಂದವರಲ್ಲಿ ಮೊದಲಿಗರೆಂದರೆ ಮೈಸೂರಿನ ಎಂ.ವಿ. ಗೋಪಾಲಸ್ವಾಮಿಯವರು. ಲಂಡನ್ನಿನಲ್ಲಿ ಓದಿ ಬಂದು 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಆ ವಿಭಾಗವನ್ನು ಕಟ್ಟಿದರು. ಅದೇ ಮನುಷ್ಯ 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಬಾನುಲಿ ಕೇಂದ್ರ ನಡೆಸಿದರು, 'ಆಕಾಶವಾಣಿ' ಎಂಬ ಹೆಸರು ಬಂದದ್ದು ಅಲ್ಲಿಂದ. ನನಗೆ ಇದು ಬಹಳ ಹಿಡಿಸಿದ ಸಂಗತಿ. ಮನಸ್ಸನ್ನು ಓದುವ ಶಾಸ್ತ್ರವನ್ನೂ ಮುಖ ಕಾಣದ ದನಿಯನ್ನು ಮನೆ ಮನೆಗೆ ಕಳಿಸುವ ಯಂತ್ರವನ್ನೂ ಒಬ್ಬರೇ ಕಟ್ಟಿಕೊಂಡದ್ದು! ನನ್ನ ಊಟದ ಮೇಜಿನ ಮೇಲೆ ಅವೆರಡೂ ತೊಂಬತ್ತು ವರ್ಷಗಳಾಗುತ್ತ ಬಂದಾಗ ಮತ್ತೆ ಕೂಡಿದ್ದವು.

ಈ ವಿಷಯವನ್ನೇ ಏಕೆ ಆರಿಸಿಕೊಂಡೆ ಎಂದು ಕೇಳಿದರೆ, ಪಿ.ಯು.ಸಿ.ಯಲ್ಲಿ ಪೇಟೆಯ ಗ್ರಂಥಾಲಯದಿಂದ ತಂದು ಓದಿದ ತ್ರಿವೇಣಿಯವರ 'ಶರಪಂಜರ' ಎಂದೇ ಹೇಳಬೇಕು. ಪುಟ್ಟಣ್ಣ ಕಣಗಾಲರು ಅದನ್ನು ತೆರೆಗೆ ತಂದದ್ದರಿಂದ ಕಥೆ ಗೊತ್ತಿಲ್ಲದವರು ಕಡಿಮೆ. ಮನಸ್ಸು ಕೆಟ್ಟು, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಯಾರೂ ಗುಣವಾದವಳೆಂದು ನಂಬುವುದಿಲ್ಲ. ಅವಳು ನಕ್ಕರೂ ಲಕ್ಷಣ, ಅತ್ತರೂ ಲಕ್ಷಣ. ಹದಿನಾರರ ನನಗೆ ಕಾವೇರಿಯ ಮೇಲೆ ಮರುಕ, ನೋಡುವವರ ಮೇಲೆ ಸಿಟ್ಟು. ಮನಸ್ಸಿನ ಬಗ್ಗೆ ಓದಿಕೊಂಡವರು ಆ ಮನೆಯಲ್ಲಿ ಒಬ್ಬರಿದ್ದಿದ್ದರೆ ಅವಳು ಬದುಕುತ್ತಿದ್ದಳು ಎಂದುಕೊಂಡಿದ್ದೆ. ಓದಿಕೊಂಡವರು ಕೂಡ ಅದೇ ನೋಡುವ ಸಾಲಿನಲ್ಲಿ ಕೂರಬಹುದೆಂಬ ಯೋಚನೆ ಆ ವಯಸ್ಸಿಗೆ ಬರಲಿಲ್ಲ.

ಸಂಖ್ಯಾಶಾಸ್ತ್ರ ನನ್ನನ್ನು ಹೆದರಿಸಲಿಲ್ಲ, ಬ್ಯಾಂಕಿನವಳಲ್ಲವೇ. ಸಿದ್ಧಾಂತಗಳನ್ನು ಬಾಯಿಪಾಠ ಮಾಡಿ ದಾಟಿದೆ. ತೊಡಕು ಶುರುವಾದದ್ದು ಪ್ರಾಯೋಗಿಕ ಪಾಠದಿಂದ. ಇಂತಿಷ್ಟು ಪರೀಕ್ಷೆಗಳನ್ನು ಇಂತಿಷ್ಟು ಜನರ ಮೇಲೆ ನಡೆಸಿ, ರೆಕಾರ್ಡ್ ಬರೆದು, ಸ್ಕ್ಯಾನ್ ಮಾಡಿ ಕಳಿಸಬೇಕು. ಕಾಲೇಜಿನಲ್ಲಿ ಓದುವವರಿಗೆ ಪ್ರಯೋಗಶಾಲೆಯಿರುತ್ತದೆ, ಪಕ್ಕದ ಬೆಂಚಿನವರೇ ಸಿಗುತ್ತಾರೆ. ಮನೆಯಲ್ಲಿ ಕುಳಿತವಳಿಗೆ ಮನೆಯವರಲ್ಲದೆ ಇನ್ಯಾರು ಸಿಗುತ್ತಾರೆ? ಅದೂ ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಓಡಾಡುತ್ತಿದ್ದ ದಿನಗಳಲ್ಲಿ. ಸ್ವಂತದವರನ್ನು ಪರೀಕ್ಷೆಗೆ ಕೂರಿಸಬೇಡಿ ಎಂದು ಪುಸ್ತಕ ಹೇಳುತ್ತಿತ್ತು. ಹೊರಗೆ ಹೋಗುವಂತಿಲ್ಲದಿದ್ದರೆ ಏನು ಮಾಡುವುದು ಎಂದು ನಾವು ಕೇಳಿದಾಗ, "ಸಾಧ್ಯವಾದಷ್ಟು ದೂರದವರನ್ನು ನೋಡಿ" ಎಂಬ ಉತ್ತರ ಬಂತು.

ಮೊದಲ ಪರೀಕ್ಷೆಗಳಿಂದ ಯಾರಿಗೂ ಏನೂ ಆಗಲಿಲ್ಲ. ಅಂಕಿಗಳನ್ನು ಓದಿ ಹೇಳಿ, ತಿರುಗಿ ಹೇಳಿಸುವ ನೆನಪಿನ ಪರೀಕ್ಷೆ ಒಂದಿತ್ತು. ಮನುಷ್ಯನಿಗೆ ಒಂದು ಸಲಕ್ಕೆ ಏಳು, ಹೆಚ್ಚೂಕಡಿಮೆ ಎರಡು, ಸಂಗತಿಗಳು ನೆನಪಿನಲ್ಲಿ ನಿಲ್ಲುತ್ತವೆಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದದ್ದು ಪ್ರಸಿದ್ಧ. ನಮ್ಮಮ್ಮ ಐದಕ್ಕೇ ನಿಂತುಬಿಟ್ಟರು. ಹಾಗೆಂದು ನಾಲ್ಕು ಪುಟದ ದೇವರನಾಮವನ್ನು ಒಂದು ಅಕ್ಷರ ತಪ್ಪದೆ ಹೇಳಬಲ್ಲರು. "ಆ ನಂಬರಿಗೆ ರಾಗ ಇಲ್ಲವಲ್ಲೇ" ಎಂದರು. ಯಜಮಾನರಂತೂ "ಇಂಥದ್ದಕ್ಕೆಲ್ಲ ಎಂ.ಎ. ಕೊಡ್ತಾರಾ?" ಎಂದು ಎದ್ದು ಹೋದರು.

ಎರಡನೆಯ ವರ್ಷ ವಾಕ್ಯ ಪೂರ್ತಿ ಮಾಡುವ ಪರೀಕ್ಷೆ ಬಂತು. ಅಮೆರಿಕದ ಜೂಲಿಯನ್ ರಾಟರ್ ಸಿದ್ಧಪಡಿಸಿ 1950ರಲ್ಲಿ ಪ್ರಕಟಿಸಿದ್ದು. ನಲವತ್ತು ಅರೆ ವಾಕ್ಯಗಳು. ಪ್ರತಿಯೊಂದನ್ನೂ ಮನಸ್ಸಿಗೆ ತೋಚಿದಂತೆ ಮುಗಿಸಬೇಕು. ಬರೆದದ್ದನ್ನು ನೋಡಿ ಒಂದೊಂದಕ್ಕೂ ಸೊನ್ನೆಯಿಂದ ಆರರ ತನಕ ಅಂಕ. ಆ ಅರೆ ವಾಕ್ಯಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಪರೀಕ್ಷೆಯ ಒಳಗಿನ ಮಾತು ಬಯಲಾದರೆ ಆ ಪರೀಕ್ಷೆ ಕೆಟ್ಟಂತೆ ಎಂಬುದು ಈ ಓದಿನ ಮೊದಲ ನಿಯಮಗಳಲ್ಲೊಂದು.

ಇದಕ್ಕೆ ನನಗೆ ಬೇಕಾಗಿದ್ದದ್ದು ಐವತ್ತು ದಾಟಿದ, ಕನ್ನಡದಲ್ಲಿ ಬರೆಯಬಲ್ಲ ಹೆಂಗಸು. ನಾಲ್ಕು ರಸ್ತೆ ಆಚೆ ಅತ್ತಿಗೆಯ ಮನೆ. ಮನೆಯವರೇ ಆದರೂ ಒಂದೇ ಮನೆಯವರಲ್ಲವಲ್ಲ, "ಸಾಧ್ಯವಾದಷ್ಟು ದೂರ" ಎಂದರೆ ನಾಲ್ಕು ರಸ್ತೆ ಎಂದು ನನಗೆ ನಾನೇ ಹೇಳಿಕೊಂಡೆ.

ಅತ್ತಿಗೆ ನಮ್ಮನೆಗೆ ಬಂದದ್ದು 1986ರಲ್ಲಿ. ಬಿ.ಎ. ಮೊದಲನೆಯ ವರ್ಷ ಮುಗಿಸಿ, ಎರಡನೆಯ ವರ್ಷಕ್ಕೆ ಫೀಸು ಕಟ್ಟುವ ಬದಲು ಅಣ್ಣನ ಕೈ ಹಿಡಿದು ಹೊಸ್ತಿಲು ದಾಟಿದವರು. ನನಗಾಗ ಹನ್ನೊಂದು. ಜಡೆ ಹೆಣೆದು ಶಾಲೆಗೆ ಕಳಿಸಿದ್ದು, ಕೂತಾಗ ಬಟ್ಟೆ ಮಡಿಚಿ ಕೊಟ್ಟು ಹೇಳಿಕೊಟ್ಟದ್ದು, ರಾತ್ರಿ ಸೀಮೆಎಣ್ಣೆ ದೀಪ ಸುಟ್ಟರೆ ಬೈಯುತ್ತಿದ್ದ ಅಪ್ಪನಿಗೆ ಕಾಣದಂತೆ ಅಡಿಗೆಮನೆಯಲ್ಲಿ ಓದಲು ಕೂರಿಸಿದ್ದು, ಎಲ್ಲ ಅವರೇ. ನನ್ನ ಬದುಕಿನಲ್ಲಿ ಅಮ್ಮ ಇದ್ದೂ ಇನ್ನೊಬ್ಬ ಅಮ್ಮ ಎಂದರೆ ಸಿನಿಮಾದ ಮಾತಾಗುತ್ತದೆ. ಅತ್ತಿಗೆ ಎಂದರೆ ಸಾಕು, ಗೊತ್ತಿರುವವರಿಗೆ ಗೊತ್ತಾಗುತ್ತದೆ.

2022ರ ಫೆಬ್ರವರಿಯ ಒಂದು ಮಧ್ಯಾಹ್ನ ಕಾಗದ ಹಿಡಿದು ಹೋದೆ. ನಿಯಮದಂತೆ ಒಪ್ಪಿಗೆಯ ಪತ್ರ ಓದಿ ಹೇಳಿದೆ: ಇದು ಕಲಿಕೆಗಾಗಿ ಮಾಡುವ ಪರೀಕ್ಷೆ, ಬೇಡವೆನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು, ಬರೆದದ್ದು ಗೋಪ್ಯವಾಗಿರುತ್ತದೆ, ಹೆಸರು ಎಲ್ಲೂ ಬರುವುದಿಲ್ಲ.

"ಇದೇನೇ ಇದು, ನಿಮ್ಮ ಬ್ಯಾಂಕಿನ ಸಾಲದ ಕಾಗದದ ಹಾಗೆ?" ಎಂದು ಅತ್ತಿಗೆ ನಕ್ಕರು. ಸೆರಗಿಗೆ ಕೈ ಒರೆಸಿಕೊಂಡು ಸಹಿ ಹಾಕಿದರು. "ನಿನಗೆ ಬೇಕಲ್ಲ, ಕೊಡು ಬರೀತೀನಿ."

ಆ ಒಂದು ಮಾತಿನಲ್ಲೇ ಎಲ್ಲ ಇತ್ತು. ನನಗೆ ಬೇಕು ಎಂದ ಮೇಲೆ ಅವರು ಇಲ್ಲವೆನ್ನುವುದು ಸಾಧ್ಯವಿತ್ತೇ? ಇಲ್ಲವೆನ್ನಲಾರದವರು ಹೂಂ ಎಂದರೆ ಅದನ್ನು ಒಪ್ಪಿಗೆ ಎನ್ನಬಹುದೇ? ನಮ್ಮ ಮನೆಗಳಲ್ಲಿ ಹೆಂಗಸರು ಒಪ್ಪಿದ್ದೆಂದು ಲೆಕ್ಕಕ್ಕೆ ಬರೆದಿಟ್ಟಿರುವುದರಲ್ಲಿ ಎಷ್ಟು ಭಾಗ ಇಂಥದ್ದು? ಪುಸ್ತಕದಲ್ಲಿ ಒಪ್ಪಿಗೆಯ ಬಗ್ಗೆ ಒಂದು ಅಧ್ಯಾಯವೇ ಇತ್ತು, ನಾನು ಅದರಲ್ಲಿ ಒಳ್ಳೆಯ ಅಂಕವನ್ನೂ ತೆಗೆದಿದ್ದೆ. ಆದರೆ ಆ ಮಧ್ಯಾಹ್ನ ನಾನು ನೋಡಿದ್ದು ಸಹಿ ಸರಿಯಾದ ಜಾಗದಲ್ಲಿ ಬಿದ್ದಿದೆಯೇ ಎಂದು ಮಾತ್ರ.

ಆ ಅರೆ ವಾಕ್ಯಗಳನ್ನು ಕನ್ನಡಕ್ಕೆ ಮಾಡುವುದು ಮೊದಲೇ ಒಂದು ಒದ್ದಾಟವಾಗಿತ್ತು. ಇಂಗ್ಲಿಷಿನಲ್ಲಿ ಅರ್ಧ ವಾಕ್ಯದಲ್ಲೇ ಕ್ರಿಯಾಪದ ಬಂದು ಕೂತಿರುತ್ತದೆ, ಬರೆಯುವವರು ಆ ದಾರಿಯಲ್ಲೇ ಹೋಗಬೇಕು. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಆಯಿತೋ ಆಗಲಿಲ್ಲವೋ, ಬೇಕೋ ಬೇಡವೋ ಎಂಬುದು ಕಡೆಯ ಗಳಿಗೆಯ ತನಕ ಬರೆಯುವವರ ಕೈಯಲ್ಲೇ ಇರುತ್ತದೆ. ಏನನ್ನೋ ಹೇಳಲು ಹೊರಟು ಕೊನೆಯ ಪದದಲ್ಲಿ ತಿರುಗಿಸಿಬಿಡಬಹುದು. ಹೆಂಗಸರು ಮಾತಾಡುವುದೇ ಹಾಗಲ್ಲವೇ?

ಅತ್ತಿಗೆ ಮುಕ್ಕಾಲು ಗಂಟೆ ಬರೆದರು. ನಾನು ಗಮನಿಸುವವಳ ಹಾಗೆ ಕಾಣಿಸಬಾರದೆಂದು ಅವರ ಹಿತ್ತಲಿನ ಕನಕಾಂಬರ ನೋಡುತ್ತ ಕುಳಿತಿದ್ದೆ. ಮುಗಿದ ಮೇಲೆ ಕಾಗದ ಮಡಿಚಿ ಕೈಗೆ ಕೊಟ್ಟು, ಇನ್ನೊಂದು ಕೈಗೆ ಮಿಡಿ ಉಪ್ಪಿನಕಾಯಿಯ ಡಬ್ಬಿ ಇಟ್ಟರು.

ಓದಿದ್ದು ಆ ರಾತ್ರಿ. ಹೆಚ್ಚಿನವು ಸಾಧಾರಣ ಮಾತು: ಮಕ್ಕಳು ಚೆನ್ನಾಗಿರಲಿ, ಮಂಡಿನೋವು, ಮಳೆ ಇಷ್ಟ. ನಡುವೆ ಒಂದು ಕಡೆ ಹೀಗಿತ್ತು. ಇದನ್ನು ಅವರ ಅನುಮತಿ ಪಡೆದೇ ಬರೆಯುತ್ತಿದ್ದೇನೆ: "ಓದಿಗೆಂದು ಇಟ್ಟ ದುಡ್ಡು ಓದಿಗೇ ಹೋಯಿತು, ನನ್ನ ಓದಿಗಲ್ಲ ಅಷ್ಟೆ. ಒಳ್ಳೆಯದೇ ಆಯಿತು." ಇನ್ನೊಂದು ಪುಟದಲ್ಲಿ, ಬೇರೇನನ್ನೋ ಕೇಳಿದ ಕಡೆ: "1993ರಲ್ಲಿ ತುಂಬಿಸಿದ ಅರ್ಜಿ ಇನ್ನೂ ಪೆಟ್ಟಿಗೆಯಲ್ಲಿದೆ."

1993. ನಾನು ಬಿ.ಕಾಂ.ಗೆ ಸೇರಿ ಪೇಟೆಯ ಹಾಸ್ಟೆಲಿಗೆ ಬಂದ ವರ್ಷ. ಅಪ್ಪ ತೀರಿಕೊಂಡು ವರ್ಷವಾಗಿತ್ತು. ಹಾಸ್ಟೆಲಿಗೆ ಮುಂಗಡ ಕಟ್ಟಲು ದುಡ್ಡಿಲ್ಲದೆ ಜೂನ್ ತಿಂಗಳಲ್ಲಿ ಅಣ್ಣನಿಗೆ ಕಾಗದ ಬರೆದಿದ್ದೆ. ವಾರದಲ್ಲಿ ನಾನೂರೈವತ್ತು ರೂಪಾಯಿಯ ಮನಿಯಾರ್ಡರ್ ಬಂತು, ಕೆಳಗೆ ಅಣ್ಣನ ಅಕ್ಷರದಲ್ಲಿ "ಅಡಿಕೆ ದುಡ್ಡು ಬಂತು" ಎಂದು ಒಂದು ಸಾಲು. ನಮ್ಮದು ಅರ್ಧ ಎಕರೆಯ ತೋಟ. ಅಂಥವರ ಅಡಿಕೆ ಸುಗ್ಗಿಯಲ್ಲೇ ಮಂಡಿಗೆ ಹೋಗಿ ಹಳೆಯ ಸಾಲಕ್ಕೆ ಜಮೆಯಾಗುತ್ತದೆ. ಜೂನಿನಲ್ಲಿ ಎಲ್ಲಿಯ ಅಡಿಕೆ ದುಡ್ಡು? ಅಡಿಕೆಯ ಊರಿನಲ್ಲೇ ಹುಟ್ಟಿ ಬೆಳೆದ ಹದಿನೆಂಟರ ಹುಡುಗಿಗೆ ಅದು ಹೊಳೆಯಲಿಲ್ಲ. ಇಪ್ಪತ್ತೆಂಟು ವರ್ಷ ಹೊಳೆಯಲೇ ಇಲ್ಲ. ಮೈಸೂರು ವಿಶ್ವವಿದ್ಯಾಲಯದ ಅಂಚೆ ತೆರಪಿನ ಶಿಕ್ಷಣ ಆಗ ಹಳ್ಳಿಯ ಹೆಂಗಸರಿಗೂ ಗೊತ್ತಿದ್ದ ದಾರಿ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಆಗಿದ್ದು ಆಮೇಲೆ, 1996ರಲ್ಲಿ. ಹಾಲು, ಉಪ್ಪಿನಕಾಯಿ ಮಾರಿ ಕೂಡಿಟ್ಟ ದುಡ್ಡಿನಲ್ಲಿ ಅತ್ತಿಗೆ ಆ ಅರ್ಜಿ ತರಿಸಿ ತುಂಬಿಸಿದ್ದರು. ಆ ದುಡ್ಡೇ ನನ್ನ ಮನಿಯಾರ್ಡರ್ ಆಗಿ ಬಂದಿತ್ತು.

ಇನ್ನು ಆ ರಾತ್ರಿ ನಾನು ಮಾಡಿದ್ದನ್ನು ಹೇಳಬೇಕು. ಅತ್ತೆನೇ ಎಂದರೆ, ಸ್ವಲ್ಪ ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು ಅಂಕ ಹಾಕಲು ಕುಳಿತೆ. ಮರುದಿನ ರೆಕಾರ್ಡ್ ಕಳಿಸುವ ಕಡೆಯ ದಿನ. ರಾಟರ್‌ನ ಕ್ರಮದಲ್ಲಿ ಮೂರು ಎಂದರೆ ಸಾಧಾರಣ. ಅದಕ್ಕಿಂತ ಕಡಿಮೆಯಾದಷ್ಟೂ ಮನಸ್ಸು ತಿಳಿಯಾಗಿದೆ ಎಂದರ್ಥ, ಹೆಚ್ಚಾದಷ್ಟೂ ಒಳಗೆ ತಿಕ್ಕಾಟವಿದೆ ಎಂದರ್ಥ. "ಒಳ್ಳೆಯದೇ ಆಯಿತು" ಎಂಬ ಕೊನೆಯ ಮಾತನ್ನು ನಂಬಿದರೆ ಎರಡು ಕೊಡಬಹುದು. ಎರಡು ಎಂದೇ ಬರೆದೆ. ಅಳಿಸಿದೆ. ಆ 'ಅಷ್ಟೆ' ಎಂಬ ಪದವನ್ನು ಎಲ್ಲಿ ಸೇರಿಸುವುದು? ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಕಾಲೇಜು ಹುಡುಗ ಹುಡುಗಿಯರ ಉತ್ತರಗಳನ್ನು ಇಟ್ಟುಕೊಂಡು ಮಾಡಿದ ಮಾದರಿಗಳಲ್ಲಿ ನಮ್ಮ ಅತ್ತಿಗೆಯ 'ಅಷ್ಟೆ'ಗೆ ಜೋಡಿಯಾಗುವುದು ಯಾವುದೂ ಇರಲಿಲ್ಲ. ಕೊನೆಗೆ ಐದು ಎಂದು ಬರೆದೆ. ನನ್ನ ಋಣಕ್ಕೆ ನಾನೇ ಅಂಕ ಹಾಕಿದೆ. ಕೆಳಗೆ "ಶ್ರೀಮತಿ ಎ., 55 ವರ್ಷ, ಗೃಹಿಣಿ. ಶಿಕ್ಷಣ ಅಪೂರ್ಣವಾದ ಬಗ್ಗೆ ಬಗೆಹರಿಯದ ಅತೃಪ್ತಿ ಕಂಡುಬರುತ್ತದೆ" ಎಂದು ಬರೆದು ಸ್ಕ್ಯಾನ್ ಮಾಡಿ ಕಳಿಸಿದೆ.

ಮೌಖಿಕ ಪರೀಕ್ಷೆಯೂ ಪರದೆಯ ಮೇಲೆಯೇ ನಡೆಯಿತು. "ಇವರು ನಿಮಗೇನಾಗಬೇಕು?" ಎಂದು ಪರೀಕ್ಷಕರು ಕೇಳಿದರು.

"ಪರಿಚಯದವರು. ನಮ್ಮ ಕಡೆಯವರು."

"ತುಂಬ ಮನಬಿಚ್ಚಿ ಬರೆದಿದ್ದಾರೆ. ಒಳ್ಳೆಯ ವಿಶ್ವಾಸ ಬೆಳೆಸಿಕೊಂಡಿದ್ದೀರಿ" ಎಂದು ಮೆಚ್ಚಿ ಅಂಕ ಕೊಟ್ಟರು.

ಎದುರಿಗೆ ಕುಳಿತು ಕೇಳಿದ್ದರೆ ನನ್ನ ಕಿವಿ ಕೆಂಪಾದದ್ದು ಅವರಿಗೆ ಕಾಣುತ್ತಿತ್ತು. ಇಂಟರ್‌ನೆಟ್ ಸರಿಯಿಲ್ಲವೆಂದು ನಾನು ಕ್ಯಾಮೆರಾ ಆರಿಸಿಕೊಂಡಿದ್ದೆ.

ಇಲ್ಲಿಂದ ನನ್ನನ್ನು ಕಾಡಿದ ಪ್ರಶ್ನೆ ಶುರುವಾಗುತ್ತದೆ. ಪರೀಕ್ಷೆಯ ಮೂಲಕ ನನಗೆ ಒಂದು ಸತ್ಯ ತಿಳಿಯಿತು. ಅದನ್ನು ಇಟ್ಟುಕೊಂಡು ನಾನೇನು ಮಾಡಬಹುದು? ನಾದಿನಿಯಾಗಿ ನೋಡಿದರೆ ಮರುದಿನ ಬೆಳಿಗ್ಗೆಯೇ ಓಡಿಹೋಗಿ ಕಾಲು ಹಿಡಿಯಬೇಕಿತ್ತು. ಪರೀಕ್ಷೆ ಮಾಡಿದವಳಾಗಿ ನೋಡಿದರೆ, ಬರೆದದ್ದು ಗೋಪ್ಯ ಎಂದು ಮಾತು ಕೊಟ್ಟಾಗಿದೆ. ಅವರು ಮೂವತ್ತು ವರ್ಷ ಬಾಯಿಬಿಟ್ಟು ಹೇಳದೆ ಇದ್ದದ್ದನ್ನು ಒಂದು ಕಾಗದದ ಉಪಾಯದಿಂದ ಹೊರಗೆ ತೆಗೆದು, ಆಮೇಲೆ ಅದನ್ನು ಅವರ ಮುಂದೆ ಆಡಿ ತೋರಿಸುವುದು ಕದ್ದ ವಸ್ತುವನ್ನು ಮಾಲೀಕರಿಗೇ ಉಡುಗೊರೆ ಕೊಟ್ಟಂತೆ ಆಗುವುದಿಲ್ಲವೇ? ಹೀಗೆಂದು ನಾನು ವಾದಿಸಿಕೊಂಡೆ. ಚೆನ್ನಾಗಿಯೇ ವಾದಿಸಿಕೊಂಡೆ.

ಬ್ಯಾಂಕಿನಲ್ಲಿ ಇಂಥ ಗುಟ್ಟು ನಮಗೆ ಅಭ್ಯಾಸ. ಗಂಡನಿಗೆ ತಿಳಿಯದ ಹೆಂಡತಿಯ ಖಾತೆ, ಹೆಂಡತಿಗೆ ತಿಳಿಯದ ಗಂಡನ ಸಾಲ, ಇವೆಲ್ಲ ಕಣ್ಣಮುಂದೆಯೇ ಇರುತ್ತವೆ. ಮದುವೆಮನೆಯಲ್ಲಿ ಅದೇ ದಂಪತಿ ಪಕ್ಕದ ಎಲೆಗೆ ಕೂತರೂ ಪಲ್ಯ ಚೆನ್ನಾಗಿದೆ ಎನ್ನುತ್ತೇವೆಯೇ ಹೊರತು ಇನ್ನೊಂದು ಮಾತಿಲ್ಲ. ಅದು ಕಷ್ಟವೆಂದು ನನಗೆ ಒಂದು ದಿನವೂ ಅನ್ನಿಸಿದ್ದಿಲ್ಲ. ಇದು ಮಾತ್ರ ಏಕೆ ಗಂಟಲಲ್ಲಿ ಸಿಕ್ಕಿಕೊಂಡಿತು ಎಂದು ಯೋಚಿಸಿದೆ. ಲೆಡ್ಜರಿನ ಅಂಕಿ ಯಾರನ್ನೂ ಉದ್ದೇಶಿಸಿ ಬರೆದದ್ದಲ್ಲ, ಅದು ಸುಮ್ಮನೆ ಅಲ್ಲಿರುತ್ತದೆ. ಅತ್ತಿಗೆಯ ವಾಕ್ಯ ಹಾಗಿರಲಿಲ್ಲ. ಅದು ಯಾರಿಗೋ ಹೇಳಿದ ಹಾಗಿತ್ತು. ಯಾರಿಗೆ ಎಂಬಲ್ಲಿಗೆ ಬಂದು ನನ್ನ ಯೋಚನೆ ಪ್ರತಿಸಲ ನಿಂತುಹೋಗುತ್ತಿತ್ತು.

ಈ ಶಾಸ್ತ್ರದ ದೊಡ್ಡವರು ಯಾರೂ ಮನೆಯವರನ್ನು ಬಿಟ್ಟವರಲ್ಲ ಎಂಬುದು ನನಗೆ ಒಂದು ಸಮಾಧಾನವಾಗಿತ್ತು. ಡಾರ್ವಿನ್ ತನ್ನ ಮಗುವಿನ ನಗು ಅಳುಗಳನ್ನು ದಿನಚರಿಯಲ್ಲಿ ಬರೆದಿಟ್ಟು 1877ರಲ್ಲಿ ಲೇಖನ ಮಾಡಿದ. ಮಕ್ಕಳ ಬುದ್ಧಿ ಬೆಳೆಯುವ ರೀತಿಯನ್ನು ಪಿಯಾಜೆ ಕಂಡುಕೊಂಡದ್ದು ಬಹುಮಟ್ಟಿಗೆ ತನ್ನ ಮೂವರು ಮಕ್ಕಳ ತೊಟ್ಟಿಲ ಪಕ್ಕ ಕುಳಿತು. ಫ್ರಾಯ್ಡ್ ತನ್ನ ಮಗಳು ಆನಾಳ ಮನೋವಿಶ್ಲೇಷಣೆಯನ್ನು ತಾನೇ ನಡೆಸಿದ. ಅಪ್ಪನೆದುರು ಮಲಗಿ ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಬೇಕಾದ ಮಗಳ ಪಾಡು ಹೇಗಿತ್ತೋ. ಆ ತೊಟ್ಟಿಲ ಮಕ್ಕಳಂತೂ ಸಹಿ ಹಾಕುವ ಪ್ರಶ್ನೆಯೇ ಇರಲಿಲ್ಲ.

ಆದರೆ ನನ್ನ ಸಮಾಧಾನವನ್ನು ಕೆಡಿಸಿದವಳು ಇನ್ನೊಬ್ಬಳು. ಬ್ರಾಯರ್ ಮತ್ತು ಫ್ರಾಯ್ಡ್ 1895ರಲ್ಲಿ ಪ್ರಕಟಿಸಿದ ಉನ್ಮಾದದ ಕುರಿತ ಪುಸ್ತಕದಲ್ಲಿ 'ಆನಾ ಓ.' ಎಂಬ ಹುಡುಗಿಯ ಪ್ರಸಂಗವಿದೆ. ಮಾತಾಡಿಯೇ ಮನಸ್ಸನ್ನು ಹಗುರ ಮಾಡುವ ಚಿಕಿತ್ಸೆ ಅವಳಿಂದಲೇ ಶುರುವಾಯಿತೆಂದು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಅವಳ ನಿಜವಾದ ಹೆಸರು ಬರ್ಥಾ ಪಾಪೆನ್‌ಹೈಮ್. ಮುಂದೆ ಅವಳು ಅನಾಥ ಹೆಣ್ಣುಮಕ್ಕಳಿಗಾಗಿ, ಮಾರಾಟವಾಗುತ್ತಿದ್ದ ಹುಡುಗಿಯರಿಗಾಗಿ ದುಡಿದಳು. 1904ರಲ್ಲಿ ಜರ್ಮನಿಯ ಯಹೂದಿ ಮಹಿಳೆಯರ ಸಂಘ ಕಟ್ಟಿದಳು, 1936ರಲ್ಲಿ ತೀರಿಕೊಂಡಳು. ಅವಳು ಸತ್ತು ಹದಿನೇಳು ವರ್ಷಕ್ಕೆ, 1953ರಲ್ಲಿ, ಫ್ರಾಯ್ಡನ ಜೀವನಚರಿತ್ರೆ ಬರೆದ ಅರ್ನೆಸ್ಟ್ ಜೋನ್ಸ್ 'ಆನಾ ಓ.' ಯಾರೆಂದು ಹೆಸರು ಹಿಡಿದು ಬರೆದುಬಿಟ್ಟ. ಮರುವರ್ಷ ಪಶ್ಚಿಮ ಜರ್ಮನಿ ಅವಳ ಚಿತ್ರದ ಅಂಚೆಚೀಟಿ ಹೊರಡಿಸಿತು, ಅದು ಅವಳ ಸೇವೆಗಾಗಿ. ಆದರೆ ಮನಃಶಾಸ್ತ್ರ ಓದುವ ನಮಗೆ ಇಂದಿಗೂ ಅವಳೆಂದರೆ ನೀರು ಕುಡಿಯಲಾಗದ, ಕೈ ಮರಗಟ್ಟಿದ ಇಪ್ಪತ್ತೊಂದರ ರೋಗಿ. ನಲವತ್ತು ವರ್ಷ ಮಾಡಿದ ಕೆಲಸವನ್ನು ಎರಡು ವರ್ಷದ ಕಾಯಿಲೆ ನುಂಗಿಹಾಕಿತು.

ನನ್ನ ರೆಕಾರ್ಡಿನಲ್ಲಿರುವ 'ಶ್ರೀಮತಿ ಎ.' ಕೂಡ ಹಾಗೆಯೇ. ಅದರಲ್ಲಿ ಜಡೆ ಹೆಣೆದ ಕೈ ಇಲ್ಲ. ಅತೃಪ್ತಿ ಇದೆ.

ಎಂ.ಎ. ಮುಗಿಯಿತು. ನಾನು ಚಿಕಿತ್ಸಕಿಯೇನೂ ಆಗಲಿಲ್ಲ, ಆಗುವಂತೆಯೂ ಇರಲಿಲ್ಲ. ಅದಕ್ಕೆ ಆಸ್ಪತ್ರೆಯಲ್ಲಿ ನಿಂತು ಕಲಿಯುವ ಬೇರೆಯೇ ಓದು ಬೇಕು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಬೇಕು. ಇದು ಗೊತ್ತಿಲ್ಲದೆ ಮಗಳಿಗೆ ಸರಿಯಾಗಿ ನಿದ್ದೆಯಿಲ್ಲ ಎಂದೋ, ಗಂಡ ಮಾತೇ ಆಡುವುದಿಲ್ಲ ಎಂದೋ ನನ್ನ ಬಳಿ ಬರುವವರಿಗೆ ಸರಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನು ಚೀಟಿಯಲ್ಲಿ ಬರೆದು ಕೊಡುತ್ತೇನೆ. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಕನ್ನಡದಲ್ಲೂ ಮಾತಾಡುತ್ತಾರೆ.

ಅತ್ತಿಗೆಯ ಮನೆಗೆ ಹೋಗಿಬರುವುದು ಮೊದಲಿನಂತೆಯೇ ಇತ್ತು ಎಂದುಕೊಂಡಿದ್ದೆ. ಇರಲಿಲ್ಲ. ಹಬ್ಬಕ್ಕೆ ಅವರಿಗೆ ಕೊಡುವ ಸೀರೆಯ ಬೆಲೆ ಏರಿತು. ಅವರ ಮೊಮ್ಮಗುವಿಗೆ ಚಿನ್ನದ ಉಂಗುರ ಕೊಟ್ಟೆ. "ಇಷ್ಟೆಲ್ಲ ಯಾಕೇ?" ಎಂದು ಅತ್ತಿಗೆ ಕೇಳಿದರೆ ನಕ್ಕು ಮಾತು ತಪ್ಪಿಸುತ್ತಿದ್ದೆ. ಬಾಯಲ್ಲಿ ಒಪ್ಪಿಕೊಳ್ಳದ ಸಾಲವನ್ನು ಕಂತಿನಲ್ಲಿ ತೀರಿಸಲು ಹೊರಟಿದ್ದೆ.

ಮೂರೂವರೆ ವರ್ಷ ಹೀಗೆ ಕಳೆಯಿತು. 2025ರ ಆಗಸ್ಟಿನಲ್ಲಿ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂತು. ಆರೋಗ್ಯಕ್ಕೆ ಸಂಬಂಧಪಟ್ಟ ವೃತ್ತಿಗಳ 2021ರ ಕಾಯಿದೆಯ ಅಡಿ ಬರುವ ವಿಷಯಗಳನ್ನು, ಅದರಲ್ಲಿ ಮನಃಶಾಸ್ತ್ರವೂ ಸೇರಿ, ಆ ವರ್ಷದ ಜುಲೈ-ಆಗಸ್ಟ್ ಅವಧಿಯಿಂದ ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕಲಿಸಬಾರದೆಂದು ಯುಜಿಸಿ ಆದೇಶಿಸಿತ್ತು. ಓದಿದಾಗ ಮೊದಲು ಸಿಟ್ಟು ಬಂತು. ಊಟದ ಮೇಜಿನ ಮುಂದೆ ರಾತ್ರಿ ಮಾತ್ರ ಕೂರಬಲ್ಲ ಹೆಂಗಸರಿಗೆ ಇದ್ದ ಒಂದು ಬಾಗಿಲು ಮುಚ್ಚಿತಲ್ಲ ಎಂದು. ಸಂಜೆಯ ಹೊತ್ತಿಗೆ, ನನ್ನಂಥವಳ ಕೈಗೆ ನೋಡುವವರಿಲ್ಲದೆ ಇನ್ನೊಬ್ಬರ ಮನಸ್ಸು ಸಿಕ್ಕಿತ್ತಲ್ಲ ಎಂದು ನೆನೆದು, ಆದೇಶ ಸರಿಯೆನ್ನಿಸಿತು. ಇವತ್ತಿಗೂ ನನಗೆ ಎರಡೂ ಅನ್ನಿಸುತ್ತದೆ.

ಆ ಭಾನುವಾರ ಅತ್ತಿಗೆಯ ಮನೆಗೆ ಹೋದಾಗ ಅವರೂ ಪತ್ರಿಕೆ ಓದಿದ್ದರು.

"ನಿನ್ನ ಓದು ಇನ್ಮೇಲೆ ಯಾರಿಗೂ ಹಾಗೆ ಸಿಗಲ್ವಂತಲ್ಲ" ಎಂದರು. ಹುರುಳಿಕಾಯಿ ನಾರು ತೆಗೆಯುತ್ತ ಕುಳಿತಿದ್ದರು, ತಲೆಯೆತ್ತಲಿಲ್ಲ. "ನಾನೊಂದು ಕೇಳ್ಲಾ? ಅವತ್ತು ಕಾಗದದಲ್ಲಿ ಬರೆದೆನಲ್ಲ, ನೀನು ಓದಲೇ ಇಲ್ವಾ?"

ನನ್ನ ಕೈಲಿದ್ದ ಕಾಯಿ ಕೈಯಲ್ಲೇ ಉಳಿಯಿತು. "ಓದಿದೆ ಅತ್ತಿಗೆ."

"ಓದಿ?"

ಗೋಪ್ಯತೆಯ ನಿಯಮ ಹೇಳಿದೆ. ಮಾತು ಕೊಟ್ಟಿದ್ದೆ ಎಂದೆ. ಅವರು ಬಾಯಿಬಿಟ್ಟು ಹೇಳದ್ದನ್ನು ನಾನಾಗಿ ಎತ್ತಬಾರದೆಂದು ಸುಮ್ಮನಿದ್ದೆ ಎಂದೆ. ಹೇಳುತ್ತ ಹೋದಂತೆ ನನ್ನ ದನಿ ನನಗೇ ತರಗತಿಯ ಟಿಪ್ಪಣಿಯ ಹಾಗೆ ಕೇಳಿಸಿತು.

"ಗುಟ್ಟು ಅನ್ನೋದು ಬೇರೆಯವರಿಗಲ್ವೇನೇ? ನನ್ನ ಹತ್ರ ನನ್ನದೇ ಗುಟ್ಟು ಏನು ಬಂತು?" ಎಂದರು ಅತ್ತಿಗೆ. "ಓದೋಳು ನೀನು ಅಂತಾನೇ ಬರೆದೆ ಮಾರಾಯ್ತಿ. ಎದುರಿಗೆ ಹೇಳಿದ್ರೆ ಹಂಗಿಸಿದ ಹಾಗಾಗ್ತಿತ್ತು. ಇಷ್ಟು ವರ್ಷ ಹೇಳದೇ ಇದ್ದದ್ದು ಅದಕ್ಕೇ. ಪರೀಕ್ಷೆ ಕಾಗದ ಅಂದ್ರೆ ಕೇಳಿದ್ದಕ್ಕೆ ಉತ್ತರ ಬರೆದ ಹಾಗಾಯ್ತು, ಹೇಳಿದ ಹಾಗಲ್ಲ. ನೀನು ವಾರ ಬಿಟ್ಟು ಬಂದೆ. ಡಬ್ಬಿ ವಾಪಸು ಕೊಟ್ಟೆ. ಉಪ್ಪಿನಕಾಯಿಗೆ ಖಾರ ಸ್ವಲ್ಪ ಹೆಚ್ಚಾಗಿತ್ತು ಅಂದೆ. ಅಷ್ಟೆ."

ಮತ್ತೆ ಆ 'ಅಷ್ಟೆ'.

ಗೋಪ್ಯತೆಯ ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ರೋಗಿಯ ವಿವರ ಗುಟ್ಟಾಗಿರಬೇಕೆಂಬುದು ಅವರ ಹಕ್ಕು ಎಂದೇ ಇದೆ, ಇರಲೇಬೇಕು. ಆದರೆ ಅದೇ ಪಾಠದ ಮುಂದಿನ ಪುಟದಲ್ಲಿ, ಪರೀಕ್ಷೆ ಮುಗಿದ ಮೇಲೆ ಬರೆದವರ ಜೊತೆ ಕುಳಿತು ಮಾತಾಡಬೇಕು, ಏನು ಕಂಡಿತೆಂದು ತಿಳಿಸಬೇಕು, ಅವರು ಕೇಳಿದ್ದಕ್ಕೆ ಉತ್ತರಿಸಬೇಕು ಎಂದೂ ಇತ್ತು. ನನ್ನ ರೆಕಾರ್ಡಿನಲ್ಲಿ "ಮಾತುಕತೆ ನಡೆಸಲಾಯಿತು" ಎಂದು ಒಂದು ಸಾಲು ಕೂಡ ಬರೆದಿದ್ದೇನೆ. ನಡೆಸಿರಲಿಲ್ಲ. ಕಾಲು ಹಿಡಿಯುವ ನಾಚಿಕೆಗಿಂತ ಬಾಯಿ ಮುಚ್ಚುವ ನಿಯಮ ಹಗುರವಾಗಿತ್ತು, ಅದನ್ನು ಎತ್ತಿಕೊಂಡೆ. ಎರಡು ನಿಯಮದಲ್ಲಿ ನನಗೆ ಬೇಕಾದ್ದನ್ನು ಆರಿಸಿಕೊಂಡು ಅದನ್ನೇ ಧರ್ಮ ಎಂದುಕೊಂಡೆ.

ಆಮೇಲೆ ನಾನು ಏನು ಹೇಳಿದೆ, ಅವರು ಏನೆಂದರು ಎಂಬುದನ್ನು ಬರೆಯುವ ಅಗತ್ಯವಿಲ್ಲ. ಅದು ನಮ್ಮಿಬ್ಬರದು. ಅತ್ತಿಗೆ ಒಳಗೆ ಹೋಗಿ ಪೆಟ್ಟಿಗೆಯಿಂದ ಆ ಅರ್ಜಿ ತಂದು ತೋರಿಸಿದರು. ಅಂಚು ಹಳದಿಯಾಗಿದೆ, ಗುಂಡುಪಿನ್ನಿಗೆ ತುಕ್ಕು. ಮೂಲೆಯಲ್ಲಿ ಅಂಟಿಸಿದ ಫೋಟೋದಲ್ಲಿ ಇಪ್ಪತ್ತೇಳರ ಅತ್ತಿಗೆ, ಮೂಗುಬಟ್ಟು ಹೊಳೆಯುತ್ತಿದೆ. ಆರಿಸಿಕೊಂಡ ವಿಷಯಗಳು: ಇತಿಹಾಸ, ಕನ್ನಡ, ಸಮಾಜಶಾಸ್ತ್ರ. ಈಗಲಾದರೂ ಸೇರಿ, ನಾನು ಕಟ್ಟುತ್ತೇನೆ, ಬಿ.ಎ. ಇನ್ನೂ ದೂರಶಿಕ್ಷಣದಲ್ಲಿದೆ ಎಂದೆ. "ಹೋಗೇ, ಈ ಮಂಡಿ ಇಟ್ಕೊಂಡು" ಎಂದು ನಕ್ಕರು. ಹೂಂ ಎಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ.

ಹೊರಡುವಾಗ ಗೇಟಿನ ತನಕ ಬಂದು ಕೇಳಿದರು: "ಅಲ್ಲ, ನಾನು ಬರೆದದ್ದಕ್ಕೆ ಎಷ್ಟು ಅಂಕ ಕೊಟ್ಟೆ?"

"ಐದು."

"ಎಷ್ಟಕ್ಕೆ?"

"ಆರಕ್ಕೆ."

"ಪರವಾಗಿಲ್ಲ, ಫಸ್ಟ್ ಕ್ಲಾಸೇ ಆಯ್ತು" ಎಂದು ಗೇಟು ಹಾಕಿಕೊಂಡರು.

ಆ ಅಂಕದ ಅರ್ಥವನ್ನು ಆಗ ಹೇಳಲಾಗಲಿಲ್ಲ. ಈ ಬರಹವನ್ನು ಅಚ್ಚಿಗೆ ಕೊಡುವ ಮೊದಲು ಅವರಿಗೇ ಓದಲು ಕೊಟ್ಟೆ, ಒಂದು ಪದ ಬೇಡವೆಂದರೂ ತೆಗೆಯುತ್ತೇನೆ, ಪೂರ್ತಿ ಬೇಡವೆಂದರೆ ಹರಿದುಹಾಕುತ್ತೇನೆ ಎಂದು ಹೇಳಿ. ಊರಿನ ಹೆಸರು ಬೇಡ ಎಂದರು, ತೆಗೆದಿದ್ದೇನೆ. ನಾಲ್ಕು ದಿನ ಇಟ್ಟುಕೊಂಡು ಹಿಂದಿರುಗಿಸಿದರು. ಅಂಕದ ಮಾತು ಬರುವ ಕಡೆ ಏನೂ ಬರೆದಿರಲಿಲ್ಲ. ಮನಿಯಾರ್ಡರ್ ಎಂದಿರುವ ಕಡೆ ಮಾತ್ರ ನಾನೂರೈವತ್ತನ್ನು ಪೆನ್ಸಿಲಿನಿಂದ ಹೊಡೆದು, ಪಕ್ಕದಲ್ಲಿ ದುಂಡು ಅಕ್ಷರದಲ್ಲಿ "ಐನೂರ ಇಪ್ಪತ್ತು" ಎಂದು ತಿದ್ದಿದ್ದರು.